ಡಿಸ್ಕ್ ‘ಫಾರ್ಮ್ಯಾಟ್ ಮಾಡಲಾ?’ ಅಂತ ಕೇಳಿದರೆ ಬೇಡ ಅನ್ನಿ

ಪ್ರಶ್ನೆ: ಬನಹಟ್ಟಿಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ನಮ್ಮ ತಂದೆಯವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ಎಚ್81 ಮದರ್‌ಬೋರ್ಡ್, 64 ಬಿಟ್ ವಿಂಡೋಸ್ 10. ಒಳಗಿನ 1 ಟಿಬಿ ಹಾರ್ಡ್ ಡಿಸ್ಕ್ ಮದುವೆ ವಿಡಿಯೋಗಳಿಂದ ತುಂಬಿಹೋಗಿದೆ. ಎರಡನೇ ಡಿಸ್ಕ್ ಹಾಕೋಣ ಅಂತ 4 ಟಿಬಿಯದೊಂದು ತರಿಸಿದ್ದೇನೆ. ಇಲ್ಲಿನ ಅಂಗಡಿಯವರು ‘ನಿಮ್ಮ ಬೋರ್ಡ್ ಹಳೇದು, 2 ಟಿಬಿ ಮೇಲೆ ತಗೊಳ್ಳೂದಿಲ್ಲ’ ಅಂದರು. ನಿಜವಾ? ಇನ್ನೊಂದು ವಿಷಯ. ತಂದೆಯವರ ಹಳೆಯ ಸಿಸ್ಟಂ ಸುಟ್ಟು ಐದಾರು ವರ್ಷವಾಯಿತು. ಅದರ 500 ಜಿಬಿ ಡಿಸ್ಕ್ ನನ್ನ ಹತ್ತಿರ ಇದೆ. ಯುಎಸ್‌ಬಿ ಕೇಸಿಂಗ್‌ನಲ್ಲಿ ಹಾಕಿ ಜೋಡಿಸಿದರೆ ಫಾರ್ಮ್ಯಾಟ್ ಮಾಡಬೇಕು ಅಂತ ಕೇಳುತ್ತದೆ. ಅದರಲ್ಲಿ ಮನೆಯ ಹಳೆಯ ಫೋಟೋಗಳಿವೆ. ಫಾರ್ಮ್ಯಾಟ್ ಮಾಡಿದರೆ ಅವು ಹೋಗುತ್ತವಾ? ಇದನ್ನೆಲ್ಲ ನಾನೇ ಮಾಡಿಕೊಳ್ಳಬಹುದಾ?

ಉತ್ತರ: ಹಳೆಯ ಡಿಸ್ಕಿನಿಂದಲೇ ಶುರು ಮಾಡುತ್ತೇನೆ. 4 ಟಿಬಿಯದನ್ನು ನಾಳೆ ಹಾಕಿದರೂ ನಡೆಯುತ್ತದೆ, ಮುಂದಿನ ವಾರ ಹಾಕಿದರೂ ನಡೆಯುತ್ತದೆ. ಇದು ಹಾಗಲ್ಲ. ಫಾರ್ಮ್ಯಾಟ್ ಮಾಡಲಾ ಅಂತ ವಿಂಡೋಸ್ ಎಷ್ಟು ಸಲ ಕೇಳಿದರೂ ಕ್ಯಾನ್ಸಲ್ ಒತ್ತಿ. ಕೇಸಿಂಗ್‌ನಿಂದ ಡಿಸ್ಕ್ ಹೊರಗೆ ತೆಗೆದು, ಹೊಸ ಡಿಸ್ಕ್ ಬಂದಿರುವ ಬೂದು ಬಣ್ಣದ ಕವರ್ ಇರುತ್ತದಲ್ಲ, ಅದರಲ್ಲಿ ಹಾಕಿ ಎತ್ತಿಡಿ. ಮಕ್ಕಳ ಕೈಗೆ ಸಿಗದ ಕಡೆ.

ಫಾರ್ಮ್ಯಾಟ್ ಮಾಡಿದರೆ ಫೋಟೋ ಹೋದಂತೆಯೇ ಲೆಕ್ಕ. ‘ಕ್ವಿಕ್’ ಫಾರ್ಮ್ಯಾಟ್ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಫೋಟೋಗಳು ಒಳಗೇ ಉಳಿದಿರುತ್ತವೆ, ಹುಡುಕಿ ತೆಗೆಯಬಹುದು. ಆದರೆ ಹೆಸರು, ತಾರೀಖು, ಫೋಲ್ಡರ್ ಹಾಗೇ ಸಿಗುತ್ತವೆ ಎಂಬ ಭರವಸೆ ಇಲ್ಲ. ಕ್ವಿಕ್ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದಿರೋ, ಕಥೆ ಮುಗಿಯಿತು. ವಿಸ್ತಾದಿಂದ ಈಚೆಗಿನ ವಿಂಡೋಸ್‌ಗಳು ಆಗ ಡಿಸ್ಕ್ ತುಂಬ ಸೊನ್ನೆ ಬರೆಯುತ್ತವೆ. ಆ ಸೊನ್ನೆಗಳ ಅಡಿಯಿಂದ ಯಾರೂ ಏನೂ ತೆಗೆಯಲಾರರು.

ಈಗ ಸ್ವಲ್ಪ ಸಮಾಧಾನದ ಮಾತು. ನಿಮ್ಮ ಡಿಸ್ಕ್ ಕೆಟ್ಟೇ ಇರಬೇಕೆಂದಿಲ್ಲ. ನನಗೆ ಅನುಮಾನ ಇರುವುದು ಆ ಕೇಸಿಂಗ್ ಮೇಲೆ. ಡಿಸ್ಕಿನೊಳಗೆ ಜಾಗವನ್ನು ಸೆಕ್ಟರ್ ಎಂಬ ಸಣ್ಣ ಸಣ್ಣ ಮನೆಗಳಾಗಿ ಎಣಿಸುತ್ತಾರೆ, ಮನೆಗೊಂದು ನಂಬರ್. ನಿಮ್ಮ ತಂದೆಯವರ ಸಿಸ್ಟಂನಲ್ಲಿ ಒಂದು ಮನೆ ಅಂದರೆ 512 ಬೈಟ್. ಕೆಲವು ಯುಎಸ್‌ಬಿ ಕೇಸಿಂಗ್‌ಗಳು ಎಂಟು ಮನೆ ಸೇರಿಸಿ 4096 ಬೈಟಿನ ಒಂದೇ ಮನೆ ಅಂತ ವಿಂಡೋಸ್‌ಗೆ ಹೇಳುತ್ತವೆ. ಓಣಿ ಅದೇ, ಮನೆಗಳೂ ಅವೇ, ನಂಬರ್ ಮಾತ್ರ ಯಾರೋ ಬೇರೆ ಥರ ಬರೆದು ಹೋದಂತೆ. ವಿಂಡೋಸ್ 2048ನೇ ಮನೆ ಹುಡುಕಿಕೊಂಡು ಹೋಗುತ್ತದೆ, ಅಲ್ಲಿ ಇನ್ಯಾರೋ ಇರುತ್ತಾರೆ. ಆಗ ಅದು ‘ಈ ಡಿಸ್ಕ್ ಖಾಲಿ’ ಅಂದುಕೊಳ್ಳುತ್ತದೆ, ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಅದೇ ಡಿಸ್ಕನ್ನು ಕ್ಯಾಬಿನೆಟ್ ಒಳಗೆ ನೇರವಾಗಿ ಸಾಟಾ (ಡಿಸ್ಕನ್ನು ಬೋರ್ಡಿಗೆ ಸೇರಿಸುವ) ಕೇಬಲ್‌ಗೆ ಜೋಡಿಸಿದರೆ ಎಲ್ಲ ಫೋಲ್ಡರ್‌ಗಳೂ ಸುಮ್ನೆ ತೆರೆದುಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೇಸಿಂಗ್ ಜೊತೆ ಬಂದ ಅಡಾಪ್ಟರ್ ಸಾಕಷ್ಟು ಕರೆಂಟ್ ಕೊಡದಿದ್ದರೂ ಹೀಗಾಗುತ್ತದೆ. ಡಿಸ್ಕ್ ನಿಜವಾಗಿ ಕೆಟ್ಟಿದ್ದರೂ ಇದೇ ಮಾತು ಬರುತ್ತದೆ, ಅದೂ ನಿಜ. ಮೂರರಲ್ಲಿ ಯಾವುದು ಅಂತ ನೇರ ಕೇಬಲ್ ಮಾತ್ರ ಹೇಳಬಲ್ಲದು.

ಇನ್ನು ‘ಬೋರ್ಡ್ ಹಳೇದು’ ಎಂಬ ಮಾತು. ಅಂಗಡಿಯವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. 2 ಟಿಬಿಯ ಮಿತಿ ಇರುವುದು ಎಂಬಿಆರ್ ಎಂಬ ಹಳೆಯ ಪಾರ್ಟಿಶನ್, ಅಂದರೆ ಡಿಸ್ಕಿನ ಜಾಗ ಹಂಚುವ, ಪದ್ಧತಿಗೆ. ಅದು ಮನೆ ನಂಬರ್ ಬರೆಯಲು 32 ಬಿಟ್ ಜಾಗವನ್ನಷ್ಟೇ ಇಟ್ಟುಕೊಂಡಿದೆ. 512 ಬೈಟಿನ ಮನೆಗಳಾದರೆ ಲೆಕ್ಕ 2 ಟಿಬಿಗೆ ನಿಂತುಬಿಡುತ್ತದೆ. ಜಿಪಿಟಿ ಎಂಬ ಹೊಸ ಪದ್ಧತಿಗೆ ಈ ತೊಂದರೆ ಇಲ್ಲ. ಬೋರ್ಡ್ ಹಳೆಯದಾಗಿದ್ದರೆ ಅಡ್ಡಿ ಬರುವುದು ಅಂಥ ದೊಡ್ಡ ಡಿಸ್ಕಿನಿಂದಲೇ ವಿಂಡೋಸ್ ಶುರುವಾಗಬೇಕು ಅಂದಾಗ. ನಿಮಗೆ ಅದು ಬೇಕಿಲ್ಲವಲ್ಲ. ವಿಂಡೋಸ್ ಈಗಿನ 1 ಟಿಬಿ ಡಿಸ್ಕಿನಲ್ಲೇ ಇರುತ್ತದೆ, 4 ಟಿಬಿಯದು ಬರೀ ಸಾಮಾನು ಇಡುವ ಕೋಣೆ. ನಿಮ್ಮ ಬೋರ್ಡ್, ನಿಮ್ಮ ವಿಂಡೋಸ್ ಎರಡೂ ಅದನ್ನು ಧಾರಾಳವಾಗಿ ಒಪ್ಪಿಕೊಳ್ಳುತ್ತವೆ.

ನೀವೇ ಮಾಡಬಹುದಾ? ಮಾಡಬಹುದು. ವಿಜಯಪುರದಲ್ಲಿ ಸ್ಟೇಶನ್ ರೋಡ್ ಕಡೆ ಅಂಗಡಿ ಇಟ್ಟುಕೊಂಡು ಇದೇ ಕೆಲಸ ಮಾಡುವ ನಾನು ಹೀಗೆ ಹೇಳಬಾರದೇನೋ. ಆದರೆ ಕ್ಯಾಬಿನೆಟ್ ಬಿಚ್ಚಿ ಡಿಸ್ಕ್ ಕೂರಿಸುವುದು ಅರ್ಧ ತಾಸಿನ ಕೆಲಸ. ಅದರಲ್ಲಿ ನಿಮ್ಮ ಡೇಟಾಕ್ಕೆ ಅಂಥ ಅಪಾಯವೇನೂ ಇಲ್ಲ. ಅಪಾಯ ಇರುವುದು ಮುಚ್ಚಳ ಮುಚ್ಚಿದ ಮೇಲೆ, ಪರದೆಯ ಮುಂದೆ ಕೂತಾಗ. ಜನ ಸ್ಕ್ರೂಡ್ರೈವರ್ ಹಿಡಿಯಲು ಹೆದರುತ್ತಾರೆ, ಮೌಸ್ ಹಿಡಿಯಲು ಹೆದರುವುದಿಲ್ಲ. ಹೆದರಬೇಕಾದದ್ದು ಮೌಸಿಗೆ.

ನನ್ನ ಸಲಹೆ: ಎರಡೂ ಡಿಸ್ಕ್‌ಗಳನ್ನು ಒಂದೇ ಸಲ ಜೋಡಿಸಬೇಡಿ. ಮೊದಲು ಹೊಸ 4 ಟಿಬಿ. ಅದು ಪೂರ್ತಿ ತಯಾರಾಗಿ, ಹೆಸರು ಹೊತ್ತು ಕೂತ ಮೇಲೆ ಹಳೆಯದು. ಕಾರಣ ಮುಂದೆ ಗೊತ್ತಾಗುತ್ತದೆ.

ಬೇಕಾದ ಸಾಮಾನು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಸಾಟಾ ಡೇಟಾ ಕೇಬಲ್, ನಾಲ್ಕು ಸ್ಕ್ರೂ. ಬರೀ ಡಿಸ್ಕ್ ತರಿಸಿದರೆ ಕೇಬಲ್, ಸ್ಕ್ರೂ ಜೊತೆಗೆ ಬರುವುದಿಲ್ಲ, ಮೊದಲೇ ತಂದಿಟ್ಟುಕೊಳ್ಳಿ. ಒಂದು ತುದಿಯಲ್ಲಿ ಲೋಹದ ಕ್ಲಿಪ್ ಇರುವ ಕೇಬಲ್ ಕೇಳಿ, ಅದು ಸಡಿಲವಾಗಿ ಕಳಚುವುದಿಲ್ಲ. ಸ್ಕ್ರೂ ವಿಷಯದಲ್ಲಿ ಒಂದು ಮಾತು. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್‌ಗೆ ದಪ್ಪ ಮರೆಯ (ಸುತ್ತು ಗೆರೆಯ) ಸ್ಕ್ರೂ, ಡಿವಿಡಿ ರೈಟರ್‌ಗೆ ಮತ್ತು ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಸಣ್ಣ ಮರೆಯದು. ನೋಡಲು ಒಂದೇ ಥರ. ಒಂದನ್ನು ಇನ್ನೊಂದರಲ್ಲಿ ಒತ್ತಿ ತಿರುಗಿಸಿದರೆ ಮರೆ ಹಾಳಾಗುತ್ತದೆ. ಬೆರಳಿನಲ್ಲಿ ಎರಡು ಸುತ್ತು ಸಲೀಸಾಗಿ ಹೋದರೆ ಅದೇ ಸರಿಯಾದ ಸ್ಕ್ರೂ.

ಸಿಸ್ಟಂ ಶಟ್‌ಡೌನ್ ಮಾಡಿ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತುಬಿಡಿ. ಯುಪಿಎಸ್ ಇದ್ದರೆ ಅದರಿಂದಲೂ. ಆಮೇಲೆ ಕ್ಯಾಬಿನೆಟ್ಟಿನ ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹರಿದುಹೋಗಲಿ. ಬೋರ್ಡಿಗೆ ಎದುರಿನ ಬದಿಯ ಮುಚ್ಚಳವನ್ನೂ, ಹಿಂದಿನ ಬದಿಯದನ್ನೂ ತೆಗೆಯಿರಿ. ಹಾರ್ಡ್ ಡಿಸ್ಕ್‌ಗೆ ಎರಡೂ ಕಡೆಯಿಂದ ಸ್ಕ್ರೂ ಹಾಕಬೇಕು.

ಇಲ್ಲೊಂದು ಅಡ್ಡ ಮಾತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ನಿಮ್ಮ ಸ್ಟುಡಿಯೋದಲ್ಲೂ ಜುಂ ಅನ್ನುತ್ತದಾ? ನಮ್ಮ ಕಡೆ ಹತ್ತು ಅಂಗಡಿಗೆ ಹೋದರೆ ನಾಲ್ಕೈದರಲ್ಲಿ ನನಗೆ ಈ ಅನುಭವ ಆಗುತ್ತದೆ. ‘ಎಸ್‌ಎಂಪಿಎಸ್ ಲೀಕ್ ಆಗಿದೆ’ ಅಂತ ಸಿಸ್ಟಂಗೆ ಕರೆಂಟ್ ಕೊಡುವ ಆ ಪೆಟ್ಟಿಗೆಯನ್ನೇ ಹೊಸದಾಗಿ ತರಿಸುತ್ತಾರೆ, ಅದೂ ಜುಂ ಅನ್ನುತ್ತದೆ. ತಪ್ಪು ಸಾಮಾನ್ಯವಾಗಿ ಎಸ್‌ಎಂಪಿಎಸ್‌ನದಲ್ಲ, ಅರ್ಥಿಂಗ್‌ನದು. ಎಸ್‌ಎಂಪಿಎಸ್ ಒಳಗೆ ಲೈನ್‌ನಿಂದ ಬಾಡಿಗೊಂದು, ನ್ಯೂಟ್ರಲ್‌ನಿಂದ ಬಾಡಿಗೊಂದು ಚಿಕ್ಕ ಕೆಪ್ಯಾಸಿಟರ್ ಇರುತ್ತದೆ. ಪ್ಲಗ್ಗಿನ ಮೂರನೇ ಪಿನ್ನಿಗೆ ನೆಲದ ಸಂಪರ್ಕ ಇಲ್ಲದಿದ್ದರೆ ಬಾಡಿ ಎರಡರ ನಡುವೆ ತೇಲುತ್ತದೆ, 230 ವೋಲ್ಟಿನ ಅರ್ಧ, ಸುಮಾರು 115 ವೋಲ್ಟಿನಲ್ಲಿ. ಕರೆಂಟ್ ತೀರ ಕಡಿಮೆ, ಆದ್ದರಿಂದ ಬರೀ ಜುಂ. ಆದರೆ ಎಸ್‌ಎಂಪಿಎಸ್ ನಿಜವಾಗಿಯೂ ಕೆಟ್ಟ ದಿನ ನಿಮ್ಮನ್ನು ಕಾಯಲು ಅರ್ಥಿಂಗ್ ಇರುವುದಿಲ್ಲ. ಎಲೆಕ್ಟ್ರಿಶಿಯನ್ ಕರೆಸಿ ಸರಿ ಮಾಡಿಸಿ. 4 ಟಿಬಿ ಡಿಸ್ಕ್‌ಗೆ ಹಾಕಿದ ದುಡ್ಡಿಗಿಂತ ಆ ದುಡ್ಡು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಡಿಸ್ಕ್ ಹಿಡಿಯುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ. ನಮ್ಮ ಒಣ ಹವೆಯಲ್ಲಿ ಇದು ಮುಖ್ಯ. ಡಿಸ್ಕನ್ನು ಅಂಚಿನಲ್ಲಿ ಹಿಡಿಯಿರಿ, ಕೆಳಗಿನ ಹಸಿರು ಬೋರ್ಡ್ ಮುಟ್ಟಬೇಡಿ. ಟೇಬಲ್ ಮೇಲೆ ಇಡುವಾಗ ಟಕ್ ಎಂದು ಇಡಬೇಡಿ, ಪಾಪಡ್ ಇಟ್ಟಂತೆ ಇಡಿ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಡಿಸ್ಕ್ ಕೂರುವ ಗೂಡುಗಳಿರುತ್ತವೆ. ಈಗಿನ 1 ಟಿಬಿ ಡಿಸ್ಕಿಗೆ ಅಂಟಿದ ಗೂಡು ಬಿಟ್ಟು, ಒಂದು ಗೂಡು ಖಾಲಿ ಬಿಟ್ಟು ಹೊಸದನ್ನು ಕೂರಿಸಿ. ನಡುವೆ ಗಾಳಿ ಆಡಬೇಕು. ನಾಲ್ಕೂ ಸ್ಕ್ರೂ ಹಾಕಿ. ಅಡ್ಡ ಇದ್ದರೂ ಸರಿ, ಲಂಬ ಇದ್ದರೂ ಸರಿ, ತೂಗಾಡಬಾರದು. ಒಮ್ಮೆ ನನ್ನ ಹತ್ತಿರ ಬಂದ ಸಿಸ್ಟಂ ಒಂದರಲ್ಲಿ ಡಿಸ್ಕನ್ನು ಅಮೀನಗಡದ ಕರದಂಟಿನ ಖಾಲಿ ಡಬ್ಬಿ ಮೇಲೆ ಇಟ್ಟು ದಾರದಿಂದ ಕಟ್ಟಿದ್ದರು. ತಗಡಿಗೆ ತಾಗದಿರಲಿ ಅಂತ ಅಷ್ಟು ವಿಚಾರ ಮಾಡಿದ್ದರು ಪಾಪ, ಸ್ಕ್ರೂ ಮಾತ್ರ ನೆನಪಾಗಿರಲಿಲ್ಲ. ಡಿಸ್ಕ್ ತಿರುಗಿದಾಗ ಡಬ್ಬಿ ಗುಂಯ್ ಅನ್ನುತ್ತಿತ್ತು.

ಈಗ ಎರಡು ಕೇಬಲ್. ಕಿರಿದಾದದ್ದು ಡೇಟಾ, 7 ಪಿನ್. ಅಗಲವಾದದ್ದು ಪವರ್, 15 ಪಿನ್. ಎರಡರ ಬಾಯಿಯಲ್ಲೂ ಒಂದು ಕೊಕ್ಕೆಯ ಆಕಾರ ಇರುತ್ತದೆ, ಉಲ್ಟಾ ಹೋಗುವುದಿಲ್ಲ. ಹೋಗದಿದ್ದರೆ ತಿರುಗಿಸಿ ನೋಡಿ, ಒತ್ತಬೇಡಿ. ಎಚ್81 ಚಿಪ್‌ಸೆಟ್‌ನಲ್ಲಿ ನಾಲ್ಕು ಸಾಟಾ ಪೋರ್ಟ್‌ಗೆ ಅವಕಾಶ ಇದೆ, ಎರಡು 6 ಜಿಬಿಪಿಎಸ್, ಎರಡು 3 ಜಿಬಿಪಿಎಸ್. ಬೋರ್ಡಿನ ಮೇಲೆ ಬಣ್ಣ ಅಥವಾ ಅಕ್ಷರದಿಂದ ಗುರುತು ಮಾಡಿರುತ್ತಾರೆ. ತಿರುಗುವ ಡಿಸ್ಕ್ ಎಷ್ಟೇ ಓಡಿದರೂ ಸೆಕೆಂಡಿಗೆ 200 ಎಂಬಿ ಆಸುಪಾಸು. 3 ಜಿಬಿಪಿಎಸ್ ಪೋರ್ಟ್ 300 ಎಂಬಿ ತನಕ ತಾಳುತ್ತದೆ. ಆದ್ದರಿಂದ ಹೊಸ ಡಿಸ್ಕಿಗೆ ನಿಧಾನದ ಪೋರ್ಟೇ ಸಾಕು. ವೇಗದ್ದನ್ನು ಮುಂದೆ ಎಸ್‌ಎಸ್‌ಡಿ ತಂದಾಗ ಬಳಸಿ.

ಪವರ್ ಕೇಬಲ್ ಎಸ್‌ಎಂಪಿಎಸ್‌ನಿಂದ ಬರುತ್ತದೆ, 1 ಟಿಬಿ ಡಿಸ್ಕಿನ ಕೇಬಲ್‌ನಲ್ಲೇ ಇನ್ನೊಂದು ತಲೆ ಇರುವುದು ರೂಢಿ. ಒಂದು ಡಿಸ್ಕ್ ತಿರುಗಲು ಶುರು ಮಾಡುವಾಗ ಕೆಲವು ಸೆಕೆಂಡ್ 25 ವ್ಯಾಟ್ ಹತ್ತಿರ ಎಳೆಯುತ್ತದೆ, ಆಮೇಲೆ ಐದಾರು ವ್ಯಾಟ್ ಅಷ್ಟೇ. ನಿಮ್ಮ ಎಸ್‌ಎಂಪಿಎಸ್‌ಗೆ ಅದು ಭಾರವಲ್ಲ. ತಲೆ ಇಲ್ಲದಿದ್ದರೆ ಹಳೆಯ ನಾಲ್ಕು ಪಿನ್ನಿನ ಬಿಳಿ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಆದರೆ ನೋಡಿ ತಗೊಳ್ಳಿ. ಪ್ಲಾಸ್ಟಿಕ್ಕನ್ನು ಒಂದೇ ಗಟ್ಟಿಯಾಗಿ ಎರಕ ಹೊಯ್ದ ಅಡಾಪ್ಟರ್‌ಗಳಲ್ಲಿ ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಿಂಭಾಗದಲ್ಲಿ ಪ್ರತಿ ತಂತಿಯೂ ಬೇರೆ ಬೇರೆಯಾಗಿ ಕಚ್ಚಿ ಕೂತದ್ದು ಕಾಣಿಸುವ ಅಡಾಪ್ಟರ್ ಒಳ್ಳೆಯದು. ಇನ್ನು ಕೇಬಲ್ ಬಿಚ್ಚಿ ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಅದಕ್ಕೆ ಹಾಕಲೇಬೇಡಿ. ತೂತಿಗೆ ಸರಿಯಾಗಿ ಕೂರುತ್ತದೆ, ಆದರೆ ಒಳಗಿನ ವೋಲ್ಟೇಜ್ ಜಾಗ ಬೇರೆ ಇರಬಹುದು. ಒಂದೇ ಕ್ಷಣದಲ್ಲಿ ಡಿಸ್ಕ್ ಸತ್ತುಹೋಗುತ್ತದೆ.

ಆಫೀಸುಗಳಿಂದ ಬಿಡುಗಡೆಯಾಗಿ ಬಂದ ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಸಣ್ಣ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಒಂದು ಸಾಲು: ಅಂಥವುಗಳಲ್ಲಿ ಡಿಸ್ಕಿನ ಪವರ್ ಎಷ್ಟೋ ಸಲ ಮದರ್‌ಬೋರ್ಡಿನಿಂದಲೇ ಬರುತ್ತದೆ, ಕೇಬಲ್ ಆ ಮಾಡೆಲ್‌ದ್ದೇ ಬೇಕು, ವಿಂಡೋಸ್‌ಗೂ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಪ್ರತಿ ಸಾಟಾ ಪೋರ್ಟ್‌ಗೂ ಬೇರೆ ಟಿಕ್ ಇರಬಹುದು. ಡಿಸ್ಕ್ ಕೊಳ್ಳುವ ಮೊದಲು ಮುಚ್ಚಳ ತೆಗೆದು ಜಾಗ ಇದೆಯಾ ನೋಡಿ.

ಮುಚ್ಚಳ ಮುಚ್ಚುವ ಮುನ್ನವೇ ಒಮ್ಮೆ ಆನ್ ಮಾಡಿ. ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಎರಡೂ ಡಿಸ್ಕಿನ ಹೆಸರು ಕಂಡರೆ ಕೇಬಲ್ ಕೆಲಸ ಮುಗಿಯಿತು. ಕಾಣದಿದ್ದರೆ ಆಫ್ ಮಾಡಿ, ಡೇಟಾ ಕೇಬಲ್ ಬದಲಿಸಿ ನೋಡಿ. ಬೂಟ್ ಪಟ್ಟಿಯಲ್ಲಿ ಮೊದಲಿಗೆ ವಿಂಡೋಸ್ ಇರುವ 1 ಟಿಬಿ ಡಿಸ್ಕೇ ಇರಬೇಕು. ಅಲ್ಲಿ ಐಡಿಇ, ಎಎಚ್‌ಸಿಐ ಎಂಬ ಆಯ್ಕೆ ಕಂಡರೆ ಕೈ ಹಚ್ಚಬೇಡಿ. ಈಗ ಇದ್ದದ್ದನ್ನು ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು.

ಇನ್ನು ಪರದೆ. ವಿಂಡೋಸ್ ಬಂದ ಮೇಲೆ ದಿಸ್ ಪಿಸಿ (ಹಿಂದಿನ ಮೈ ಕಂಪ್ಯೂಟರ್) ತೆರೆದರೆ ಹೊಸ ಡಿಸ್ಕ್ ಕಾಣುವುದಿಲ್ಲ. ‘ಡಿಸ್ಕೇ ಡೆಡ್ ಬಂದೈತ್ರಿ’ ಅಂತ ಅರ್ಧ ಜನ ವಾಪಸ್ ಕಳಿಸುವುದು ಇದೇ ಹಂತದಲ್ಲಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೂಡಲೇ ಒಂದು ಸಣ್ಣ ಕಿಟಕಿ ಬರುತ್ತದೆ: ‘ಇನಿಶಿಯಲೈಸ್ ಡಿಸ್ಕ್’. ಎಂಬಿಆರ್ ಬೇಕಾ, ಜಿಪಿಟಿ ಬೇಕಾ ಅಂತ ಕೇಳುತ್ತದೆ. ಜಿಪಿಟಿ ಆರಿಸಿ. ಅವಸರದಲ್ಲಿ ಎಂಬಿಆರ್ ಒತ್ತಿದರೆ 2 ಟಿಬಿ ಮಾತ್ರ ಬಳಕೆಗೆ ಬಂದು, ಉಳಿದದ್ದು ಕಪ್ಪು ಪಟ್ಟಿಯಾಗಿ ಸುಮ್ಮನೆ ಕೂರುತ್ತದೆ. ‘ಬೋರ್ಡ್ ತಗೊಳ್ಳೂದಿಲ್ಲ’ ಎಂಬ ನಂಬಿಕೆ ಹುಟ್ಟುವುದು ಇಲ್ಲಿಂದಲೇ ಅಂತ ನನ್ನ ಅನುಮಾನ. ಹಾಗಾಗಿದ್ದರೆ, ಡಿಸ್ಕ್ ಖಾಲಿ ಇರುವ ತನಕ ಅಲ್ಲೇ ಜಿಪಿಟಿಗೆ ಬದಲಿಸಬಹುದು.

ಆಮೇಲೆ ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್. ಎನ್‌ಟಿಎಫ್‌ಎಸ್, ಕ್ವಿಕ್ ಫಾರ್ಮ್ಯಾಟ್. ಹೆಸರಿನ ಜಾಗದಲ್ಲಿ ‘ನ್ಯೂ ವಾಲ್ಯೂಮ್’ ಅಂತ ಬಿಡಬೇಡಿ, ‘ಮದುವೆ 4ಟಿಬಿ’ ಅಂತಲೋ ಏನೋ ಗುರುತು ಸಿಗುವಂಥದ್ದು ಬರೆಯಿರಿ. ಡ್ರೈವ್ ಅಕ್ಷರ ಕೇಳಿದಾಗ ದೂರದ್ದೊಂದನ್ನು, ಡಬ್ಲ್ಯು ಇರಲಿ, ಎಂ ಇರಲಿ, ಆರಿಸಿ. ಪೆನ್‌ಡ್ರೈವ್‌ಗಳು ಬಂದು ಹೋಗಿ ಅಕ್ಷರ ಅದಲುಬದಲಾದರೆ ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಕ್ಲಿಪ್ ಎಲ್ಲಿ ಅಂತ ಹುಡುಕುತ್ತ ಕೂರುತ್ತದೆ. ಡಿಸ್ಕಿನಲ್ಲಿ 3.63 ಟಿಬಿ ಮಾತ್ರ ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಈಗ, ಎರಡೂ ಒಂದೇ ಸಲ ಬೇಡ ಅಂದೆನಲ್ಲ, ಅದರ ಕಾರಣ. ಒಂದು ಡಿಸ್ಕ್ ಮಾತ್ರ ಹೊಸದಾಗಿ ಹಾಕಿದ್ದರೆ ‘ಇನಿಶಿಯಲೈಸ್’ ಎಂಬ ಪ್ರಶ್ನೆ ಯಾವುದರ ಬಗ್ಗೆ ಅಂತ ಅನುಮಾನವೇ ಇರುವುದಿಲ್ಲ. ಎರಡು ಹಾಕಿದ್ದರೆ? 2012ರ ಬೇಸಿಗೆ. ಇಂಡಿ ಕಡೆಯ ಒಬ್ಬ ಸ್ಟುಡಿಯೋದವರು ಎರಡು ಡಿಸ್ಕ್ ತಂದಿದ್ದರು, ಎರಡೂ 500 ಜಿಬಿ, ಎರಡೂ ಒಂದೇ ಕಂಪನಿಯವು. ಒಂದು ಖಾಲಿ ಮಾಡಿ ಕೊಡಬೇಕು. ಲಗ್ನದ ಸೀಸನ್, ಅಂಗಡಿಯಲ್ಲಿ ಐದು ಜನ ನಿಂತಿದ್ದರು, ಒಬ್ಬರ ಜೊತೆ ಮಾತಾಡುತ್ತಲೇ ಡಿಸ್ಕ್ 1 ಎಂಬುದರ ಮೇಲೆ ಫಾರ್ಮ್ಯಾಟ್ ಒತ್ತಿದೆ. ಖಾಲಿ ಮಾಡಬೇಕಾದದ್ದು ಡಿಸ್ಕ್ 2. ಆಮೇಲೆ ಮೂರು ರಾತ್ರಿ ಕೂತು ಫೋಟೋ ಹೊರತೆಗೆದೆ. ಸಾವಿರಾರು ಫೋಟೋ, ಒಂದಕ್ಕೂ ಹೆಸರಿಲ್ಲ, ನಾಲ್ಕು ಮದುವೆ ಒಂದರಲ್ಲೊಂದು ಕಲಸಿ ಹೋಗಿದ್ದವು. ವಿಡಿಯೋಗಳು ತುಂಡು ತುಂಡು. ಅವರು ಬೈಯಲಿಲ್ಲ. ‘ಇರ್ಲಿ ಬಿಡ್ರಿ ಅಣ್ಣಾರ’ ಅಂದು ಹೋದರು. ಬೈದಿದ್ದರೆ ಚಲೋ ಇತ್ತು. ಅಂದಿನಿಂದ ಒಂದು ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗ ಉಳಿದ ಡೇಟಾ ಡಿಸ್ಕ್‌ಗಳ ಕೇಬಲ್ಲನ್ನೇ ಕಳಚಿ ಇಡುತ್ತೇನೆ. ಕೇಬಲ್ ಇಲ್ಲದ ಡಿಸ್ಕನ್ನು ತಪ್ಪಿ ಕೂಡ ಅಳಿಸಲಾಗುವುದಿಲ್ಲ. ಮುಂದೆ ನೀವು ವಿಂಡೋಸ್ ಹೊಸದಾಗಿ ಹಾಕುವಾಗಲೂ 4 ಟಿಬಿಯ ಕೇಬಲ್ ಕಳಚಿ. ಇಲ್ಲದಿದ್ದರೆ ಇನ್ನೊಂದು ತೊಂದರೆಯೂ ಇದೆ: ವಿಂಡೋಸ್ ತನ್ನ ಬೂಟ್ ಫೈಲ್‌ಗಳನ್ನು ಕೆಲವೊಮ್ಮೆ ಇನ್ನೊಂದು ಡಿಸ್ಕಿನಲ್ಲಿ ಬರೆದುಬಿಡುತ್ತದೆ. ಆ ಡಿಸ್ಕ್ ತೆಗೆದ ದಿನ ಸಿಸ್ಟಂ ಶುರುವೇ ಆಗುವುದಿಲ್ಲ.

ಹೊಸ ಡಿಸ್ಕ್ ಸಿದ್ಧವಾಯಿತು. ಮತ್ತೆ ಆಫ್ ಮಾಡಿ, ಪ್ಲಗ್ ಕಿತ್ತು, ಹಳೆಯ 500 ಜಿಬಿಯದನ್ನು ಜೋಡಿಸಿ. ಗೂಡಿನಲ್ಲಿ ಕೂರಿಸುವುದು ಬೇಡ, ಇದು ಒಂದು ದಿನದ ಅತಿಥಿ. ಡಿವಿಡಿ ರೈಟರ್‌ನ ಎರಡೂ ಕೇಬಲ್ ಕಿತ್ತು ಇದಕ್ಕೆ ಹಾಕಿದರೆ ಆಯಿತು. ಡಿಸ್ಕನ್ನು ಕ್ಯಾಬಿನೆಟ್ ಪಕ್ಕ ಒಂದು ದಪ್ಪ ಪುಸ್ತಕದ ಮೇಲೆ ಮಲಗಿಸಿ, ತಗಡಿಗೆ ತಾಗಬಾರದು, ಅಲುಗಾಡಬಾರದು. (ಅದು ತೀರ ಹಳೆಯದಾಗಿದ್ದು ಅಗಲ ಪಟ್ಟಿಯಂಥ 40 ಪಿನ್ನಿನ ಕೇಬಲ್‌ನದಾಗಿದ್ದರೆ ನಿಮ್ಮ ಬೋರ್ಡಿಗೆ ಹೊಂದುವುದಿಲ್ಲ. 500 ಜಿಬಿ ಅಂದಮೇಲೆ ಸಾಟಾ ಇರುವುದೇ ಹೆಚ್ಚು.)

ಆನ್ ಮಾಡಿ ಮೊದಲು ಕಿವಿ ಕೊಡಿ. ಸಣ್ಣಗೆ ತಿರುಗುವ ಸದ್ದು ಬಂದರೆ ಒಳ್ಳೆಯದು. ಕಟ್, ಕಟ್, ಕಟ್ ಅಂತ ಒಂದೇ ತಾಳದಲ್ಲಿ ಬಡಿದರೆ ಕೂಡಲೇ ಆಫ್ ಮಾಡಿ. ಒಳಗೆ ಡೇಟಾ ಓದುವ ಹೆಡ್ ಹೋಗಿದೆ ಅಂತ ಅರ್ಥ, ಪ್ರತಿ ನಿಮಿಷವೂ ಇನ್ನಷ್ಟು ಗೀಚುತ್ತದೆ. ಫ್ರಿಜ್‌ನಲ್ಲಿಟ್ಟು ತೆಗೆ, ಮೇಲೆ ತಟ್ಟು ಎಂಬ ಉಪಾಯಗಳನ್ನು ಹೇಳುವವರು ಸಿಗುತ್ತಾರೆ. ಅವರ ಡಿಸ್ಕ್ ಮೇಲೆ ಮಾಡಲಿ. ಅಂಥದ್ದನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವ ಲ್ಯಾಬ್‌ಗಳು ದೊಡ್ಡ ಊರುಗಳಲ್ಲಿವೆ. ಖರ್ಚು ಜಾಸ್ತಿ. ಫೋಟೋ ಅಷ್ಟು ಬೆಲೆಯವಾ ಅಂತ ಮನೆಯವರೇ ಕೂತು ತೀರ್ಮಾನ ಮಾಡಬೇಕು.

ಸದ್ದು ಸರಿ ಇದ್ದರೆ ಮುಂದೆ ಹೋಗಿ. ಆ ಡಿಸ್ಕಿನಲ್ಲಿ ಹಳೆಯ ವಿಂಡೋಸ್ ಇರಬಹುದು, ಬೂಟ್ ಪಟ್ಟಿ ಮತ್ತೊಮ್ಮೆ ನೋಡಿಕೊಳ್ಳಿ. ಶುರುವಾಗುವಾಗ ‘ಡಿಸ್ಕ್ ಚೆಕ್ ಮಾಡುತ್ತೇನೆ, ಬೇಡವಾದರೆ ಯಾವುದಾದರೂ ಕೀ ಒತ್ತಿ’ ಎಂಬ ಸಾಲು ಬಂದರೆ ಕೀ ಒತ್ತಿ ತಪ್ಪಿಸಿ. ಆ ಚೆಕ್ ದುರಸ್ತಿ ಮಾಡುತ್ತದೆ ನಿಜ, ಆದರೆ ಸೋತ ಡಿಸ್ಕಿನಲ್ಲಿ ಸರಿ ಇದ್ದದ್ದನ್ನೂ ಕೆದಕಿ ಹಾಳು ಮಾಡಬಹುದು. ಮೊದಲು ಕಾಪಿ, ಆಮೇಲೆ ದುರಸ್ತಿ. ಫೋಲ್ಡರ್ ತೆರೆಯುವಾಗ ‘ನಿಮಗೆ ಅನುಮತಿ ಇಲ್ಲ’ ಅಂದರೆ ಗಾಬರಿ ಬೇಡ. ಅದು ತಂದೆಯವರ ಹಳೆಯ ಅಕೌಂಟಿನ ಬೀಗ. ಕಂಟಿನ್ಯೂ ಒತ್ತಿ ಸ್ವಲ್ಪ ಕಾಯ್ದರೆ ತೆರೆಯುತ್ತದೆ.

ಮನೆಯ ಫೋಟೋಗಳನ್ನು ಮೊದಲು ತೆಗೆಯಿರಿ, ಸಿನಿಮಾ ಹಾಡು ಎಲ್ಲ ಕೊನೆಗೆ. ಕಾಪಿ ಮಾಡಿ, ಕಟ್ ಮಾಡಬೇಡಿ. ನಡುವೆ ಕರೆಂಟ್ ಹೋದರೆ ಕಟ್ ಮಾಡಿದ ಫೈಲ್ ಅರ್ಧ ಇಲ್ಲಿ ಅರ್ಧ ಅಲ್ಲಿ ಉಳಿದು ಲೆಕ್ಕ ತಪ್ಪುತ್ತದೆ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ ಹೋಲಿಸಿ. ನಾಲ್ಕಾರು ಫೋಟೋ ತೆರೆದೂ ನೋಡಿ.

ನೇರ ಕೇಬಲ್‌ನಲ್ಲೂ ಫಾರ್ಮ್ಯಾಟ್ ಅಥವಾ ಇನಿಶಿಯಲೈಸ್ ಕೇಳಿದರೆ ಮತ್ತೆ ಕ್ಯಾನ್ಸಲ್. ಆಗ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಕಳೆದುಹೋದ ಪಾರ್ಟಿಶನ್ ಹುಡುಕಿಕೊಡುತ್ತದೆ. ಅದರ ಜೊತೆಗೇ ಬರುವ ಫೋಟೋರೆಕ್ ಡಿಸ್ಕನ್ನೆಲ್ಲ ಜಾಲಾಡಿ ಫೋಟೋ ಹೆಕ್ಕುತ್ತದೆ, ಹೆಸರು ಮಾತ್ರ ಸಿಗುವುದಿಲ್ಲ. ಸಿಕ್ಕಿದ್ದನ್ನು ಉಳಿಸುವುದು 4 ಟಿಬಿಯಲ್ಲಿ, ಅದೇ ಹಳೆಯ ಡಿಸ್ಕಿನಲ್ಲಲ್ಲ. ಈ ಹಂತಕ್ಕೆ ಬಂದರೆ ಅನುಭವ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು, ಅದೂ ಉಚಿತ. ‘ರಿಅಲೊಕೇಟೆಡ್’, ‘ಪೆಂಡಿಂಗ್’ ಎಂಬ ಸೆಕ್ಟರ್ ಸಾಲುಗಳಲ್ಲಿ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಸೋಲುತ್ತಿದೆ. ‘ಸಿಆರ್‌ಸಿ’ ಸಾಲು ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಕೇಬಲ್‌ನದು. ಸಣ್ಣ ಕೇಬಲ್ ಬದಲಿಸಿದರೆ ಮುಗಿಯುವ ರೋಗಕ್ಕೆ ಹೊಸ ಡಿಸ್ಕ್ ಕೊಂಡವರಿದ್ದಾರೆ. ಅಲ್ಲೇ ಉಷ್ಣತೆಯೂ ಕಾಣುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಗರಿಷ್ಠ ಮಿತಿ 60 ಡಿಗ್ರಿ, 50 ದಾಟದಂತೆ ನೋಡಿಕೊಳ್ಳುವುದು ಚಲೋ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಹೊರಗೇ 40 ದಾಟಿರುತ್ತದೆ, ಪತ್ರಾಸಿನ ಕೋಣೆಯಾದರೆ ಕೇಳಲೇಬೇಡಿ. ಅದರ ಮೇಲೆ ಬನಹಟ್ಟಿ. ಓಣಿಗೊಂದರಂತೆ ಪವರ್‌ಲೂಮ್ ಇರುವ ಊರಿನಲ್ಲಿ ನೂಲಿನ ಹಿಂಜು ಗಾಳಿಯಲ್ಲೇ ತೇಲುತ್ತಿರುತ್ತದೆ. ಎರಡು ವರ್ಷ ಬಿಚ್ಚದ ಕ್ಯಾಬಿನೆಟ್ಟಿನ ಫ್ಯಾನ್ ಮೇಲೆ ಕಂಬಳಿ ನೇಯ್ದಂತೆ ಕೂತಿರುತ್ತದೆ. ಮುಚ್ಚಳ ತೆಗೆದಿದ್ದೀರಲ್ಲ, ಪೇಂಟ್ ಬ್ರಷ್‌ನಿಂದ ಒರೆಸಿಬಿಡಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ.

ಸಿಸ್ಟಂ ವೇಗವಾಗುತ್ತದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಆಗುವುದಿಲ್ಲ. ಎರಡನೇ ಹಾರ್ಡ್ ಡಿಸ್ಕ್ ಜಾಗ ಕೊಡುತ್ತದೆ, ಓಟ ಕೊಡುವುದಿಲ್ಲ. ವೇಗ ಬೇಕಿದ್ದರೆ ಒಂದು ಸಣ್ಣ ಸಾಟಾ ಎಸ್‌ಎಸ್‌ಡಿ ತಂದು ವಿಂಡೋಸ್ ಅದರಲ್ಲಿ ಹಾಕಿ. ಅಷ್ಟರಲ್ಲಿ ನೆನಪಿರಲಿ, ಮಾಮೂಲಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ನಿಮ್ಮ ಎಚ್81 ಕಾಲದ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಇನ್ನೊಂದು: ಅಗ್ಗದ ದೊಡ್ಡ ಡಿಸ್ಕ್‌ಗಳಲ್ಲಿ ಹಲವು ಎಸ್‌ಎಂಆರ್ ಎಂಬ ರೀತಿಯವು. ಮಂಗಳೂರು ಹೆಂಚು ಹೊದಿಸಿದಂತೆ ಒಂದು ಸಾಲಿನ ಅಂಚು ಇನ್ನೊಂದರ ಮೇಲೆ ಬರುವಂತೆ ಬರೆಯುತ್ತವೆ. ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕಲ್ಲ, ಹಾಗೆ. ತಾಸುಗಟ್ಟಲೆ ಕಾಪಿ ಮಾಡುವಾಗ ನಡುವೆ ವೇಗ ಕುಸಿದರೆ ಕೆಟ್ಟಿತು ಅಂದುಕೊಳ್ಳಬೇಡಿ. ಮುಗಿದ ಕೆಲಸ ಇಡಲು ಅದು ಸಾಕು. ಎಡಿಟಿಂಗ್ ನಡೆಯುವ ಪ್ರಾಜೆಕ್ಟ್ ಮಾತ್ರ 1 ಟಿಬಿ ಡಿಸ್ಕಿನಲ್ಲೇ ಇರಲಿ.

ಕೊನೆಯದಾಗಿ, 4 ಟಿಬಿ ಹಾಕಿದಿರಿ, ಎಲ್ಲ ಎರಡೆರಡು ಕಡೆ ಇದೆ ಅಂತ ನಿಶ್ಚಿಂತರಾಗಬೇಡಿ. ಎರಡೂ ಡಿಸ್ಕ್‌ಗಳಿಗೆ ಒಂದೇ ಎಸ್‌ಎಂಪಿಎಸ್, ಒಂದೇ ಪ್ಲಗ್. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಒಂದು ಸಂಜೆ ಸಾಕು, ಎರಡೂ ಒಟ್ಟಿಗೆ ಹೋಗುತ್ತವೆ. ವೈರಸ್ ಬಂದರೂ ಅಷ್ಟೇ. ಗಿರಾಕಿಗೆ ಆಲ್ಬಮ್ ಕೊಟ್ಟು ಮುಗಿಯುವ ತನಕವಾದರೂ ಆ ಮದುವೆಯ ಇನ್ನೊಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಸ್ಟುಡಿಯೋದಲ್ಲಲ್ಲ, ಮನೆಯಲ್ಲಿ, ಕೇಬಲ್ ಕಳಚಿ ಇರಲಿ. ತಂದೆಯವರ ಫೋಟೋಗಳೂ ಹಾಗೆಯೇ. ಆ 500 ಜಿಬಿ ಡಿಸ್ಕನ್ನು ಕಾಪಿ ಆಯಿತಲ್ಲ ಅಂತ ಅಳಿಸಿ ಮತ್ತೆ ಬಳಸಲು ಹೋಗಬೇಡಿ. ಮೇಲೆ ಒಂದು ಟೇಪ್ ಅಂಟಿಸಿ, ಒಳಗೆ ಏನಿದೆ, ಯಾವ ದಿನ ಕಾಪಿ ಆಯಿತು ಅಂತ ಮಾರ್ಕರ್‌ನಲ್ಲಿ ಬರೆದು ಕಪಾಟಿನಲ್ಲಿಡಿ. ನೇರ ಕೇಬಲ್‌ಗೆ ಹಾಕಿದಾಗ ಯಾವ ಸದ್ದು ಬಂತು, ಪರದೆ ಏನು ಕೇಳಿತು ಅಂತ ಬರೆದು ತಿಳಿಸಿದರೆ ಮುಂದಿನದನ್ನು ನೋಡೋಣ.